ನಿಯೋ ಜಿಯೋ ಅಂದರೆ ನಿಮಗೆ ಯಾವ ಆಟ? ಐದೇ ಐದು ಹೇಳಿ

ಕೆಂಪುಬಟನ್:
ಅಕ್ಕನ ಮಗ ರಜೆಗೆ ಬಂದಿದ್ದಾನೆ. ಹದಿನಾಲ್ಕು ವರ್ಷ. ಶೆಲ್ಫಿನ ಮೇಲಿದ್ದ ನನ್ನ ನಿಯೋ ಜಿಯೋ ಆಟದ ಕ್ಯಾಸೆಟ್ ಎತ್ತಿಕೊಂಡು "ಮಾಮ, ಇಷ್ಟು ದಪ್ಪ ಇದೆಯಲ್ಲ, ಇದರೊಳಗೆ ಏನಿದೆ?" ಎಂದು ಕೇಳಿದ. ಉತ್ತರ ಹೇಳಲು ಹೋಗಿ ಅರ್ಧ ಗಂಟೆ ಮಾತಾಡಿದೆ, ಆದರೂ ಅವನಿಗೆ ಏನೂ ಹತ್ತಲಿಲ್ಲ ಅನ್ನಿಸಿತು. ಮಾತಾಡುವ ಬದಲು ಆಡಿಸಬೇಕಿತ್ತು. ಅದಕ್ಕೇ ಕೇಳುತ್ತಿದ್ದೇನೆ. ಏನೂ ಗೊತ್ತಿಲ್ಲದವರಿಗೆ ಐದೇ ಆಟಗಳಲ್ಲಿ ನಿಯೋ ಜಿಯೋ ಏನೆಂದು ತೋರಿಸಬೇಕಾದರೆ ಯಾವ ಐದನ್ನು ಹಾಕುತ್ತೀರಿ?

ಹೊಸಬರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. 1990ರಲ್ಲಿ ಜಪಾನಿನ ಒಸಾಕಾದ ಎಸ್‌ಎನ್‌ಕೆ ಕಂಪನಿ ನಿಯೋ ಜಿಯೋ ಎಂಬ ಒಂದೇ ವಿಡಿಯೋ ಗೇಮ್ ಯಂತ್ರವನ್ನು ಎರಡು ರೂಪದಲ್ಲಿ ತಂದಿತು. ಅಂಗಡಿಯಲ್ಲಿ ಕಾಯಿನ್ ಹಾಕಿ ಆಡುವುದು ಎಂವಿಎಸ್, ಮನೆಯ ಟಿವಿಗೆ ಹಾಕುವುದು ಎಇಎಸ್. ಒಳಗೆ ಅದೇ 12 ಮೆಗಾಹರ್ಟ್ಸ್ ಮೋಟೊರೋಲಾ 68000 ಪ್ರೊಸೆಸರ್, ಶಬ್ದಕ್ಕೆ ಅದೇ ಝಡ್80 ಮತ್ತು ಯಮಹಾ ಚಿಪ್, ಕ್ಯಾಸೆಟ್ಟಿನಲ್ಲಿ ಅದೇ ಆಟ. ಆ ಕಾಲದಲ್ಲಿ ಬೇರೆ ಯಾವ ಕಂಪನಿಯ ಆಟ ಅಂಗಡಿಯಿಂದ ಮನೆಗೆ ಬಂದರೂ ದಾರಿಯಲ್ಲಿ ಏನಾದರೂ ಕಳೆದುಕೊಂಡೇ ಬರುತ್ತಿತ್ತು. ಬಣ್ಣ ಕಮ್ಮಿ, ಗೊಂಬೆ ಚಿಕ್ಕದು, ದನಿ ಕಿತ್ತುಹೋದದ್ದು. ಇಲ್ಲಿ ಒಂದು ಚುಕ್ಕೆಯೂ ಕಮ್ಮಿಯಾಗಲಿಲ್ಲ. ಬೆಲೆ ಮಾತ್ರ ಕೇಳಬೇಡಿ. ಅಮೆರಿಕದಲ್ಲಿ ಎರಡು ಜಾಯ್‌ಸ್ಟಿಕ್, ಒಂದು ಆಟ ಸೇರಿ 650 ಡಾಲರ್. ಆಮೇಲೆ ಒಂದೊಂದು ಆಟಕ್ಕೂ ಸುಮಾರು 200 ಡಾಲರ್. 1991ರಲ್ಲಿ ಅಲ್ಲಿ ಸೂಪರ್ ನಿಂಟೆಂಡೋ ಬಂದದ್ದೇ 199 ಡಾಲರ್‌ಗೆ, ಅಂದರೆ ಇವರ ಒಂದು ಕ್ಯಾಸೆಟ್ಟಿನ ದುಡ್ಡಿಗೆ ಅವರ ಇಡೀ ಯಂತ್ರ.

ನನ್ನ ಅಳತೆ ಒಂದೇ. ಮನೆಗೆ ಬಂದರೂ ಇವು ಕಾಯಿನ್ನಿಗಾಗಿ ಹುಟ್ಟಿದ ಆಟಗಳು. ಮೊದಲ ಒಂದು ನಿಮಿಷದಲ್ಲಿ ನಿಮ್ಮನ್ನು ಹಿಡಿಯದಿದ್ದರೆ ಅಂಗಡಿಯವನು ಆ ಕ್ಯಾಸೆಟ್ ಕಿತ್ತು ಬೇರೆ ಹಾಕುತ್ತಾನೆ. ಹಾಗೆ ಒಂದು ನಿಮಿಷದಲ್ಲಿ ಹಿಡಿದು, ಆಮೇಲೆ ಹತ್ತು ವರ್ಷ ಬಿಡದೆ ಇರುವ ಆಟ ಬೇಕು.

ಫೇಟಲ್ ಫ್ಯೂರಿ ಸ್ಪೆಷಲ್, ಸಮುರಾಯ್ ಶೋಡೌನ್, ಕಿಂಗ್ ಆಫ್ ಫೈಟರ್ಸ್ 98, ಮೆಟಲ್ ಸ್ಲಗ್, ಗಾರೋ. ಇವು ನನ್ನ ಐದು. ಈಗ ನಿಮ್ಮದು ಹೇಳಿ.

ಬೆಣ್ಣೆದೋಸೆ97:
ಕಿಂಗ್ ಆಫ್ ಫೈಟರ್ಸ್ 98 ಅಂದಿರಾ? ಅದರ ಹಿಂದಿನ 97 ಇಲ್ಲದ ಪಟ್ಟಿಯನ್ನು ನಾನು ಒಪ್ಪುವುದಿಲ್ಲ.

ದಾವಣಗೆರೆಯಲ್ಲಿ ನಮ್ಮ ಶಾಲೆ ಹಿಂದಿನ ಗಲ್ಲಿಯಲ್ಲಿ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಅರ್ಧ ಶಟರ್ ಎಳೆದಿರುತ್ತಿತ್ತು, ಬಗ್ಗಿ ಒಳಗೆ ಹೋಗಬೇಕು. ನಾಲ್ಕು ಮಷೀನ್. ಮೂರರ ಮುಂದೆ ಒಬ್ಬೊಬ್ಬರು, ನಾಲ್ಕನೆಯದರ ಮುಂದೆ ಹದಿನೈದು ಜನ. ಅದು 97. ಸ್ಕ್ರೀನಿನ ಅಂಚಿನಲ್ಲಿ ಸಾಲಾಗಿ ಒಂದೊಂದು ರೂಪಾಯಿ ಇಟ್ಟಿರುತ್ತಿದ್ದರು. ಅದೇ ಕ್ಯೂ. ನಿಮ್ಮ ನಾಣ್ಯ ಎಷ್ಟನೆಯದು ಎಂದು ಎಣಿಸಿಕೊಂಡು ನಿಂತರೆ ಮುಗಿಯಿತು, ಯಾರೂ ಮುಟ್ಟುತ್ತಿರಲಿಲ್ಲ.

ಆ ಆಟದಲ್ಲಿ ಇನ್ನೊಂದು ವಿಷಯ ಇದೆ, ಯಾರಿಗಾದರೂ ನೆನಪಿದೆಯಾ? ಬಹಳಷ್ಟು ಪಂದ್ಯಗಳಲ್ಲಿ ಮ್ಯೂಸಿಕ್ ಇಲ್ಲ. ಹಿನ್ನೆಲೆಯ ಜನರ ಗದ್ದಲ ಅಷ್ಟೇ. ಕೆಲವೇ ಪಾತ್ರಗಳಿಗೆ ಮಾತ್ರ ಅವರದ್ದೇ ಹಾಡು. ಹಾಗಾಗಿ ಇಯೋರಿ ಅನ್ನುವ ಪಾತ್ರ ಬಂದು ಸ್ಯಾಕ್ಸೊಫೋನ್ ಶುರುವಾದ ಕೂಡಲೇ ಅಂಗಡಿಯ ಹೊರಗೆ ಸೈಕಲ್ ಮೇಲೆ ಕೂತವರಿಗೂ ಯಾರು ಬಂದರು ಎಂದು ಗೊತ್ತಾಗುತ್ತಿತ್ತು. ಆಮೇಲೆ ಕೊನೆಗೆ ಅದೇ ಇಯೋರಿ ಹುಚ್ಚು ಹಿಡಿದು ಗೂನು ಬೆನ್ನು ಮಾಡಿಕೊಂಡು ನಮ್ಮ ಮೇಲೇ ಬೀಳುತ್ತಾನೆ ಅಲ್ವಾ, ಅದನ್ನು ಮೊದಲ ಸಲ ನೋಡಿದ ದಿನ ಅಂಗಡಿಯಲ್ಲಿ ಯಾರೂ ಮಾತಾಡಲಿಲ್ಲ. 95ರ ಆಟದಲ್ಲಿ ಶುರುವಾದ, ಒರೊಚಿ ಅನ್ನುವ ದುಷ್ಟಶಕ್ತಿಯ ಕಥೆ ಇಲ್ಲಿ ಮುಗಿಯುತ್ತದೆ. ಕಥೆ ನಮಗೆ ಒಂದು ಅಕ್ಷರವೂ ಅರ್ಥವಾಗಿರಲಿಲ್ಲ, ಆದರೆ ಏನೋ ದೊಡ್ಡದು ಮುಗಿಯಿತು ಎಂದು ಮಾತ್ರ ಎಲ್ಲರಿಗೂ ಅನ್ನಿಸಿತ್ತು.

ಮಧ್ಯಮಗತಿ:
ನೆನಪಿಗೆ ನಾನು ಅಡ್ಡ ಬರುವುದಿಲ್ಲ. ಆದರೆ ಆಟ ಅಂತ ನೋಡಿದರೆ 98 ಮೇಲು, ಇದನ್ನು ಹೇಳಲೇಬೇಕು.

97ರಲ್ಲಿ ಪಾತ್ರಗಳ ಬಲದ ತೂಕ ಸರಿಯಿಲ್ಲ. ಚಾಂಗ್ ತನ್ನ ಕಬ್ಬಿಣದ ಗುಂಡು ತಿರುಗಿಸುತ್ತಾ ನಿಂತರೆ ಅರ್ಧ ಪಾತ್ರಗಳ ಬಳಿ ಉತ್ತರವೇ ಇಲ್ಲ. ಚಿಝುರು, ಡೈಮನ್, ಇಯೋರಿ ಎದುರಿಗೆ ಸಿಕ್ಕರೆ ಕೆಲವು ತಂಡ ಆರಿಸಿದಾಗಲೇ ಸೋತ ಹಾಗೆ. ಬಗ್‌ಗಳೂ ಜಾಸ್ತಿ. 98 ಬಂದಾಗ ಎಸ್‌ಎನ್‌ಕೆ ಕಥೆಯನ್ನು ಪಕ್ಕಕ್ಕಿಟ್ಟಿತು. ಕಥೆಯಲ್ಲಿ ಸತ್ತವರೂ ವಾಪಸ್ ಬಂದರು, 94ರ ಅಮೆರಿಕನ್ ತಂಡವೂ ಬಂತು. ಬಹುತೇಕ ಎಲ್ಲರನ್ನೂ ಒಂದು ಕಡೆ ಸೇರಿಸಿ, ಆಟದ ಹಳೇ ರೀತಿಯನ್ನೂ ಹೊಸ ರೀತಿಯನ್ನೂ ಇಟ್ಟು, ಯಾರು ಬೇಕಾದರೂ ಯಾರನ್ನು ಬೇಕಾದರೂ ಸೋಲಿಸಬಹುದು ಅನ್ನುವ ಮಟ್ಟಕ್ಕೆ ತಂದರು. ಇವತ್ತಿಗೂ ಜನ ಪಂದ್ಯ ಕಟ್ಟಿ ಆಡುತ್ತಾರೆ.

ಮೂಲ ಯೋಚನೆ ಮಾತ್ರ 94ರದ್ದು. ಮೂರು ಜನರ ವಿರುದ್ಧ ಮೂರು ಜನ. ಅಲ್ಲಿಯವರೆಗೆ ಫೈಟಿಂಗ್ ಆಟ ಅಂದರೆ ಒಬ್ಬ ಒಬ್ಬನ ಜೊತೆ ಮೂರು ಸುತ್ತು. ಇಲ್ಲಿ ಒಬ್ಬ ಬಿದ್ದರೆ ಮುಂದಿನವನು ಬರುತ್ತಾನೆ. ಯಾರನ್ನು ಮೊದಲು ಕಳಿಸಬೇಕು, ಯಾರನ್ನು ಕೊನೆಗೆ ಉಳಿಸಿಕೊಳ್ಳಬೇಕು ಎಂದು ಯೋಚಿಸಬೇಕು. ಕಬಡ್ಡಿ ಆಡಿದವರಿಗೆ ಈ ಲೆಕ್ಕ ಬೇಗ ಹತ್ತುತ್ತದೆ. ಫೇಟಲ್ ಫ್ಯೂರಿ ಮತ್ತು ಆರ್ಟ್ ಆಫ್ ಫೈಟಿಂಗ್‌ನವರ ಜೊತೆ ಇಕಾರಿ ವಾರಿಯರ್ಸ್, ಸೈಕೋ ಸೋಲ್ಜರ್ ಥರದ 80ರ ದಶಕದ ಹಳೇ ಆಟಗಳವರನ್ನೂ ಕರೆಸಿದರು. ಆ ಹೆಸರು ಕೂಡ ಹಳೆಯದೇ, 1991ರ ಮೊದಲ ಫೇಟಲ್ ಫ್ಯೂರಿಯ ಉಪಶೀರ್ಷಿಕೆ ಅದು.

ಬೆಣ್ಣೆದೋಸೆ97:
ತೂಕ ಸರಿಯಿಲ್ಲ ಅನ್ನುವುದು ನಿಜ, ಒಪ್ಪಿದೆ. ಆದರೆ ನಮ್ಮ ಅಂಗಡಿಯಲ್ಲಿ ನಾವೇ ಕಾನೂನು ಮಾಡಿಕೊಂಡಿದ್ದೆವು. ಚಾಂಗ್ ತಗೊಂಡರೆ ಗುಂಡು ತಿರುಗಿಸುವ ಹಾಗಿಲ್ಲ. ಮೂಲೆಗೆ ಒತ್ತಿ ಅದೇ ಒದೆ ಮತ್ತೆ ಮತ್ತೆ ಒದೆಯುವ ಹಾಗಿಲ್ಲ. ಮುರಿದರೆ ಮುಂದಿನ ಸಲ ನಾಣ್ಯ ಇಡಲು ಬಿಡುವುದಿಲ್ಲ. ಆಟದಲ್ಲಿ ಇಲ್ಲದ ತೂಕವನ್ನು ನಾವು ಹೊರಗಿನಿಂದ ತಂದಿದ್ದೆವು, ಮತ್ತು ಎಲ್ಲರೂ ಅದನ್ನು ಪಾಲಿಸುತ್ತಿದ್ದರು. 98 ಆಡುವವರಿಗೆ ಅದು ಬೇಕಾಗಲೇ ಇಲ್ಲ.

ಸುಮ್ನೆಓದುವವ:
ನನ್ನ ಓಟು ಮುಸ್ತಫಾಗೆ. ಬೇರೆ ಯಾವುದೂ ಬೇಡ.

ಮಧ್ಯಮಗತಿ:
ಮುಸ್ತಫಾ ನಿಯೋ ಜಿಯೋ ಅಲ್ಲ. ಅದು 1993ರ ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್. ಕ್ಯಾಪ್‌ಕಾಮ್ ಕಂಪನಿಯದ್ದು, ಬೋರ್ಡೇ ಬೇರೆ. ಅದರಲ್ಲಿದ್ದ ಹಳದಿ ಟೋಪಿಯವನ ಹೆಸರು ಮುಸ್ತಫಾ, ಆ ಹೆಸರೇ ನಮ್ಮಲ್ಲಿ ಆಟಕ್ಕೆ ಉಳಿಯಿತು. ಒಳ್ಳೆಯ ಆಟವೇ. ಆದರೆ ಈ ಪಟ್ಟಿಗೆ ಬರುವುದಿಲ್ಲ.

ಒಂದೇಏಟು:
ಕೆಂಪುಬಟನ್ ಅವರ ಐದರಲ್ಲಿ ನಾಲ್ಕು ಫೈಟಿಂಗ್. ಅದರ ಬಗ್ಗೆ ಬೇರೆ ಯಾರಾದರೂ ಹೇಳುತ್ತಾರೆ. ನಾನು ಸಮುರಾಯ್ ಶೋಡೌನ್ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ಒಂದೇ ಆಟ ಆರಿಸಿ ಅಂದರೂ ನಾನು ಇದನ್ನೇ ಆರಿಸುತ್ತೇನೆ.

1993. ಸ್ಟ್ರೀಟ್ ಫೈಟರ್ 2 ಬಂದು ಎರಡು ವರ್ಷ ಆಗಿತ್ತು. ಆಗ ಎಲ್ಲರೂ ವೇಗದ ಹಿಂದೆ ಓಡುತ್ತಿದ್ದರು. ಜಾಸ್ತಿ ಕಾಂಬೊ, ಜಾಸ್ತಿ ಏಟು, ಜಾಸ್ತಿ ಬೆಂಕಿ. ಇದು ಉಲ್ಟಾ ಹೋಯಿತು. ಎಲ್ಲರ ಕೈಯಲ್ಲೂ ಆಯುಧ ಕೊಟ್ಟಿತು, ಮತ್ತು ಆಯುಧಕ್ಕೆ ಭಾರ ಕೊಟ್ಟಿತು. ಎ ಮತ್ತು ಬಿ ಬಟನ್ ಒಟ್ಟಿಗೆ ಒತ್ತಿದರೆ ಜೋರು ಏಟು. ನಾಯಕ ಹಾವೋಮಾರುವಿನ ಆ ಒಂದು ಏಟು ಸರಿಯಾಗಿ ಬಿದ್ದರೆ ಎದುರಾಳಿಯ ಜೀವದ ದೊಡ್ಡ ಪಾಲು ಒಂದೇ ಸಲಕ್ಕೆ ಹೋಗುತ್ತದೆ. ತಪ್ಪಿದರೆ ನೀವು ಬಾಗಿ ನಿಂತಿರುತ್ತೀರಿ, ಎದುರಿನವನು ನಿಧಾನವಾಗಿ ಬಂದು ತನ್ನದನ್ನು ಕೊಡುತ್ತಾನೆ. ಹಾಗಾಗಿ ಇಬ್ಬರೂ ಕಾಯುತ್ತಾರೆ. ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಫೈಟಿಂಗ್ ಆಟದಲ್ಲಿ ಏನೂ ಮಾಡದೆ ನಿಂತಿರುವ ಐದು ಸೆಕೆಂಡು ಇಷ್ಟು ಬಿಗಿಯಾಗಿರಬಹುದು ಎಂದು ಈ ಆಟ ಬರುವವರೆಗೆ ನನಗೆ ಗೊತ್ತಿರಲಿಲ್ಲ.

ಸುತ್ತಲಿನ ಪ್ರಪಂಚ ಕೂಡ ನೋಡಿ. ಕಾಲ 1780ರ ದಶಕ. ಹಿಂದೆ ಶಾಮಿಸೆನ್ ಅನ್ನುವ ತಂತಿವಾದ್ಯ, ಬಿದಿರಿನ ಕೊಳಲು, ಕೆಲವೊಮ್ಮೆ ಬರೀ ಗಾಳಿ. ಪಂದ್ಯ ನೋಡಿಕೊಳ್ಳಲು ಮೈತುಂಬ ಕಪ್ಪು ಬಟ್ಟೆಯ ಒಬ್ಬ, ಕೈಯಲ್ಲಿ ಒಂದು ಕೆಂಪು ಬಾವುಟ, ಒಂದು ಬಿಳಿ ಬಾವುಟ. ಅವನು ಜಪಾನಿನ ಹಳೇ ನಾಟಕವಾದ ಕಬುಕಿಯ ರಂಗಮಂಚದಿಂದ ಬಂದವನು, ಅಲ್ಲಿ ಕಪ್ಪು ಬಟ್ಟೆಯವರು ವೇದಿಕೆ ಮೇಲಿದ್ದರೂ ಪ್ರೇಕ್ಷಕರು ಅವರನ್ನು ಕಂಡೂ ಕಾಣದಂತೆ ಇರಬೇಕು. ಕೊನೆಯ ಎದುರಾಳಿ ಅಮಾಕುಸಾ ಅನ್ನುವವನು ನಿಜವಾಗಿ ಇದ್ದ ವ್ಯಕ್ತಿ, 1637ರಲ್ಲಿ ಶುರುವಾದ ಶಿಮಬಾರಾ ದಂಗೆಯ ನಾಯಕ. ಕತ್ತಿಗೆ ಕತ್ತಿ ಸಿಕ್ಕಿಕೊಂಡರೆ ಬಟನ್ ಕುಟ್ಟಬೇಕು, ಸೋತವನ ಕತ್ತಿ ಹಾರಿ ಬೀಳುತ್ತದೆ, ಅವನು ಅದನ್ನು ಎತ್ತಿಕೊಳ್ಳುವವರೆಗೂ ಬರಿಗೈಯಲ್ಲಿ ಕಾದಾಡಬೇಕು. ನಾನು ಸೋತ ಪಂದ್ಯಗಳಲ್ಲಿ ಅರ್ಧಕ್ಕರ್ಧ ಕತ್ತಿ ಎತ್ತಿಕೊಳ್ಳಲು ಓಡಿ ಸೋತದ್ದು.

ಇನ್ನೊಂದು ಉಪಯೋಗದ ಮಾತು. ಅಮೆರಿಕದ ಮನೆ ಯಂತ್ರದಲ್ಲಿ ಇದೇ ಕ್ಯಾಸೆಟ್ ಹಾಕಿದರೆ ರಕ್ತ ಬಿಳಿ ಬಣ್ಣದಲ್ಲಿ ಬರುತ್ತದೆ. ಜಪಾನಿನ ಯಂತ್ರದಲ್ಲಿ ಹಾಕಿದರೆ ಕೆಂಪು. ಕ್ಯಾಸೆಟ್ ಒಂದೇ, ಯಂತ್ರ ಯಾವ ದೇಶದ್ದು ಎಂದು ನೋಡಿ ಆಟವೇ ಬದಲಾಗುತ್ತದೆ.

ಚುಕ್ಕೆಲೆಕ್ಕ:
ನಾನು ಪ್ರೋಗ್ರಾಂ ಬರೆಯುವವನು, ಹಾಗಾಗಿ ನನ್ನ ಓಟು ಸ್ವಲ್ಪ ಬೇರೆ ಕಡೆ ಹೋಗುತ್ತದೆ. 1992ರ ಆರ್ಟ್ ಆಫ್ ಫೈಟಿಂಗ್. ಆಡಲು ಅದು ಅಷ್ಟು ಚೆನ್ನಾಗಿಲ್ಲ, ಗೊತ್ತು. ಕಂಪ್ಯೂಟರ್ ಎದುರಾಳಿ ತುಂಬಾ ಕಠಿಣ, ಒಬ್ಬರೇ ಆಡುವಾಗ ಇಬ್ಬರನ್ನೇ ಆರಿಸಿಕೊಳ್ಳಬಹುದು. ಆದರೆ ಈ ಯಂತ್ರದ ಒಳಗುಟ್ಟು ಕಾಣುವುದು ಇದರಲ್ಲೇ.

ಆ ಕಾಲದ ಬೇರೆ ಯಂತ್ರಗಳಲ್ಲಿ ಹಿನ್ನೆಲೆಗೆ ಬೇರೆ ಪದರ, ಮುಂದೆ ಓಡಾಡುವ ಗೊಂಬೆಗಳಿಗೆ ಬೇರೆ ವ್ಯವಸ್ಥೆ. ನಿಯೋ ಜಿಯೋದಲ್ಲಿ ಹಿನ್ನೆಲೆ ಪದರವೇ ಇಲ್ಲ. ಅಂಕಿ ಅಕ್ಷರ ತೋರಿಸುವ ಒಂದು ಅಲುಗಾಡದ ಪದರ ಬಿಟ್ಟರೆ ಎಲ್ಲವೂ ಸ್ಪ್ರೈಟ್, ಅಂದರೆ ಆ ಓಡಾಡುವ ಗೊಂಬೆಗಳ ಥರದ್ದೇ. ಆಕಾಶ, ಗೋಡೆ, ನೆಲ, ಎಲ್ಲ. ಒಂದೊಂದು ಸ್ಪ್ರೈಟ್ 16 ಚುಕ್ಕೆ ಅಗಲದ ಉದ್ದನೆಯ ಪಟ್ಟಿ, 512 ಚುಕ್ಕೆ ಎತ್ತರದವರೆಗೂ ಹೋಗಬಹುದು. ಇಂಥ ಪಟ್ಟಿಗಳನ್ನು ಪಕ್ಕಪಕ್ಕ ಅಂಟಿಸಿ ಇಡೀ ದೃಶ್ಯ ಕಟ್ಟುತ್ತಾರೆ, ಬಿದಿರಿನ ತಟ್ಟಿ ಕಟ್ಟಿದ ಹಾಗೆ. ಒಂದು ಸಲಕ್ಕೆ ಸ್ಕ್ರೀನ್ ಮೇಲೆ 380 ಪಟ್ಟಿ.

ಈ ಪಟ್ಟಿಗಳನ್ನು ಯಂತ್ರ ಚಿಕ್ಕದು ಮಾಡಬಲ್ಲದು, ದೊಡ್ಡದು ಮಾಡಲಾರದು. ಆರ್ಟ್ ಆಫ್ ಫೈಟಿಂಗ್ ಮಾಡಿದವರು ಏನು ಮಾಡಿದರು ಅಂದರೆ ಇಬ್ಬರನ್ನೂ ಮೊದಲೇ ತುಂಬಾ ದೊಡ್ಡದಾಗಿ ಬರೆದರು. ಇಬ್ಬರೂ ದೂರ ಹೋದಾಗ ಎಲ್ಲವನ್ನೂ ಕುಗ್ಗಿಸುತ್ತಾರೆ, ಹತ್ತಿರ ಬಂದಾಗ ಪೂರ್ತಿ ಗಾತ್ರ ಬಿಡುತ್ತಾರೆ. ನೋಡುವವರಿಗೆ ಕ್ಯಾಮೆರಾ ಮುಂದೆ ಹಿಂದೆ ಹೋದ ಹಾಗೆ ಕಾಣುತ್ತದೆ. ಏಟು ಬಿದ್ದಂತೆ ಮುಖ ಊದಿಕೊಳ್ಳುತ್ತದೆ. ಶಕ್ತಿ ಖಾಲಿಯಾದರೆ ವಿಶೇಷ ಏಟಿನ ಬಲ ಕುಗ್ಗುತ್ತದೆ, ಎದುರಿನವನು ಕೆಣಕಿದರೂ ನಿಮ್ಮ ಶಕ್ತಿ ಇಳಿಯುತ್ತದೆ. ಯಂತ್ರ ಶುರುವಾಗುವಾಗ "ಮ್ಯಾಕ್ಸ್ 330 ಮೆಗಾ" ಎಂದು ಬರುತ್ತದಲ್ಲ, ಅದು ಮೆಗಾಬಿಟ್, ಅಂದರೆ ನಮ್ಮ ಈಗಿನ ಲೆಕ್ಕದಲ್ಲಿ 41 ಎಂಬಿ ಅಷ್ಟೇ. ಆಮೇಲಿನ ಆಟಗಳು ಆ ಗೆರೆಯನ್ನೂ ದಾಟಿದವು, ಗಾರೋ 688 ಮೆಗಾಬಿಟ್. ಯಂತ್ರದಲ್ಲಿ ಏನೂ ಬದಲಾಗಲಿಲ್ಲ, ಕ್ಯಾಸೆಟ್ಟಿನ ಒಳಗೇ ಬ್ಯಾಂಕ್ ಬದಲಿಸುವ, ಅಂದರೆ ಮೆಮೊರಿಯ ಒಂದೊಂದು ಭಾಗವನ್ನು ಸರದಿಯಲ್ಲಿ ತೋರಿಸುವ ಉಪಾಯ ಮಾಡಿಕೊಂಡರು.

ಹೆವಿಮಷೀನ್‌ಗನ್:
ಫೈಟಿಂಗ್ ಮಾತು ಸ್ವಲ್ಪ ನಿಲ್ಲಿಸಿ. ನನ್ನ ಹೆಸರು ನೋಡಿದರೆ ಯಾವ ಆಟ ಎಂದು ಗೊತ್ತಾಗುತ್ತದೆ.

ಮೆಟಲ್ ಸ್ಲಗ್, 1996. ಮಾಡಿದ್ದು ನಾಝ್ಕಾ ಅನ್ನುವ ಚಿಕ್ಕ ಕಂಪನಿ. ಅಲ್ಲಿದ್ದವರು ಇರೆಮ್ ಕಂಪನಿ ಬಿಟ್ಟು ಬಂದವರು. ಇರೆಮ್‌ನ ಇನ್ ದ ಹಂಟ್ ಆಟ ನೋಡಿದರೆ ಅದೇ ಕೈ ಎಂದು ತಕ್ಷಣ ತಿಳಿಯುತ್ತದೆ. ಅದೇ ತುಕ್ಕು ಹಿಡಿದ ಕಬ್ಬಿಣ, ಅದೇ ಉರುಳುವ ಅವಶೇಷ, ಅದೇ ಹೊಗೆ. ಮೊದಲು ಈ ಆಟದಲ್ಲಿ ಮನುಷ್ಯ ಆಡುವವನಾಗಿ ಇರಲೇ ಇಲ್ಲ, ಬರೀ ಟ್ಯಾಂಕ್ ಇತ್ತು. ಅಂಗಡಿಯಲ್ಲಿ ಇಟ್ಟು ಪರೀಕ್ಷೆ ಮಾಡಿದಾಗ ಜನರಿಗೆ ಹಿಡಿಸಲಿಲ್ಲ. ಆಮೇಲೆ ಮಾರ್ಕೊ ಮತ್ತು ಟಾರ್ಮಾ ಬಂದರು, ಟ್ಯಾಂಕ್ ಹತ್ತಿ ಇಳಿಯುವ ವಾಹನವಾಯಿತು. ಆ ಬದಲಾವಣೆಯಿಂದಲೇ ಆಟಕ್ಕೆ ಜೀವ ಬಂತು ಎಂದು ನನ್ನ ನಂಬಿಕೆ. ಟ್ಯಾಂಕ್ ಸಿಕ್ಕಾಗ ಎಷ್ಟು ಖುಷಿ, ಅದು ಸುಟ್ಟು ಕೆಳಗೆ ಹಾರಿದಾಗ ಮೈಯೆಲ್ಲ ಬೆತ್ತಲೆ ಅನ್ನಿಸುವಷ್ಟು ಭಯ. ಎರಡೂ ಬೇಕಿತ್ತು.

ನಾನು ಈ ಆಟವನ್ನು ಆಡಿದ್ದಕ್ಕಿಂತ ನೋಡಿದ್ದೇ ಜಾಸ್ತಿ. ಕಾಯಿನ್ ಇರುತ್ತಿರಲಿಲ್ಲ. ನೋಡುವವನಿಗೂ ಅಷ್ಟೇ ಸಿಗುತ್ತದೆ ಇದರಲ್ಲಿ. ಶತ್ರು ಸೈನಿಕರು ಕೂತು ಹರಟುತ್ತಿರುತ್ತಾರೆ, ಬೆಂಕಿಯ ಮೇಲೆ ಏನೋ ಸುಡುತ್ತಿರುತ್ತಾರೆ, ನಮ್ಮನ್ನು ನೋಡಿ ಕಿರುಚಿ ಓಡುತ್ತಾರೆ. ಕಟ್ಟಿಹಾಕಿದ ಗಡ್ಡದ ಕೈದಿಯನ್ನು ಬಿಡಿಸಿದರೆ ಚಡ್ಡಿಯೊಳಗಿಂದ ಏನೋ ತೆಗೆದು ಕೊಟ್ಟು ಸೆಲ್ಯೂಟ್ ಹೊಡೆದು ಓಡುತ್ತಾನೆ. ಇದೆಲ್ಲ ಕೈಯಲ್ಲಿ, ಚುಕ್ಕೆ ಚುಕ್ಕೆಯಾಗಿ ಬರೆದದ್ದು. ಯಾರೂ ಗಮನಿಸದ ಮೂಲೆಯಲ್ಲಿ ನಿಂತ ಸೈನಿಕನಿಗೂ ಉಸಿರಾಟ ಇದೆ.

ಎರಡನೆಯ ಭಾಗ 1998ರಲ್ಲಿ ಬಂತು. ತುಂಬಿಸಿದ್ದು ಜಾಸ್ತಿಯಾಗಿ ಯಂತ್ರ ಏದುಸಿರು ಬಿಡುತ್ತದೆ, ಕೆಲವು ಜಾಗಗಳಲ್ಲಿ ಆಟ ತೆವಳುತ್ತದೆ. ಮುಂದಿನ ವರ್ಷ ಅದನ್ನೇ ಸರಿಮಾಡಿ ಮೆಟಲ್ ಸ್ಲಗ್ ಎಕ್ಸ್ ಎಂದು ತಂದರು. 2000ದಲ್ಲಿ 3 ಬಂತು. ದಾರಿಗಳು ಕವಲೊಡೆಯುತ್ತವೆ, ನೀವೇ ಜಾಂಬಿ ಆಗಿ ಬಾಯಿಯಿಂದ ರಕ್ತ ಕಾರಿ ಶತ್ರುಗಳನ್ನು ಕೊಲ್ಲಬಹುದು, ಕೊನೆಯ ಮಿಷನ್ ಅಂತೂ ಮುಗಿಯುವುದೇ ಇಲ್ಲ. ಬಹಳ ಜನ 3 ಶ್ರೇಷ್ಠ ಅನ್ನುತ್ತಾರೆ. ನಾನು ಮೊದಲನೆಯದನ್ನೇ ಇಟ್ಟುಕೊಳ್ಳುತ್ತೇನೆ. ಅದರಲ್ಲಿ ಒಂದು ಗುಂಡೂ ಹೆಚ್ಚಿಲ್ಲ.

ಬಾಗಿಲಬಳಿ:
ಇಲ್ಲಿಯವರೆಗೆ ಓದಿದೆ. ಎಲ್ಲರೂ ಅಂಗಡಿಯ ಒಳಗಿನ ಕಥೆ ಹೇಳುತ್ತಿದ್ದೀರಿ. ನಮ್ಮೂರಿನಲ್ಲಿ ನಾವು ಹುಡುಗಿಯರು ಆ ಅಂಗಡಿಯ ಒಳಗೆ ಹೋಗುವ ಹಾಗೇ ಇರಲಿಲ್ಲ. ಯಾರೂ ಬೋರ್ಡು ಹಾಕಿರಲಿಲ್ಲ, ಆದರೂ ಹೋಗುತ್ತಿರಲಿಲ್ಲ. ಅಣ್ಣನನ್ನು ಊಟಕ್ಕೆ ಕರೆಯಲು ಅಮ್ಮ ಕಳಿಸುತ್ತಿದ್ದಳು. ಬಾಗಿಲ ಬಳಿ ನಿಂತು ಕರೆದು, ಅವನು "ಇದೊಂದು ಆಟ" ಅನ್ನುವಷ್ಟರಲ್ಲಿ ನನಗೆ ಎರಡು ನಿಮಿಷ ನೋಡಲು ಸಿಗುತ್ತಿತ್ತು. ಒಂದು ಮಷೀನಿನಲ್ಲಿ ಬಣ್ಣದ ಗುಳ್ಳೆಗಳು, ಕೆಳಗೆ ಎರಡು ಪುಟ್ಟ ಡೈನೋಸಾರ್. ನನಗೆ ಅದನ್ನು ಆಡಬೇಕಿತ್ತು. ಅದು ಟೈಟೋ ಕಂಪನಿಯ ಪಝಲ್ ಬಾಬಲ್ ಎಂದು, 1994ರಲ್ಲಿ ನಿಯೋ ಜಿಯೋದಲ್ಲೂ ಬಂದಿತ್ತು ಎಂದು ಗೊತ್ತಾದದ್ದು ಎಷ್ಟೋ ವರ್ಷ ಆದಮೇಲೆ, ಕೆಲಸಕ್ಕೆ ಸೇರಿ ನನ್ನದೇ ದುಡ್ಡಿನಲ್ಲಿ ಆಡಿದಾಗ.

ಹಾಗಾಗಿ ನನ್ನ ಪಟ್ಟಿಯಲ್ಲಿ ಹೊಡೆದಾಟವೇ ಇಲ್ಲ. ಪಝಲ್ ಬಾಬಲ್. ವಿಂಡ್‌ಜ್ಯಾಮರ್ಸ್, ಅದು 1994ರ ಡೇಟಾ ಈಸ್ಟ್ ಆಟ. ಎರಡು ಕಡೆ ಇಬ್ಬರು ನಿಂತು ತಟ್ಟೆ ಎಸೆಯುವುದು, ಹಿಡಿಯುವುದು, ಅಷ್ಟೇ. ನಿಯಮ ಹೇಳಲು ಹತ್ತು ಸೆಕೆಂಡು ಸಾಕು. ನಿಮ್ಮ "ಒಂದು ನಿಮಿಷ" ಅಳತೆಗೆ ಇದಕ್ಕಿಂತ ಸರಿಯಾದ ಆಟ ಯಾವುದು ಹೇಳಿ? ಹಿಡಿದ ಕೂಡಲೇ ಎಸೆದರೆ ವೇಗ ಜಾಸ್ತಿ, ತಡಮಾಡಿದರೆ ನಿಧಾನ. ಅದೊಂದೇ ವಿಷಯದಿಂದ ಇಡೀ ಆಟ ಹುಟ್ಟುತ್ತದೆ. ಟ್ವಿಂಕಲ್ ಸ್ಟಾರ್ ಸ್ಪ್ರೈಟ್ಸ್ ಕೂಡ ಸೇರಿಸಿ. ವಿಮಾನದ ಗುಂಡಿನಾಟವನ್ನು ಇಬ್ಬರ ಪಂದ್ಯ ಮಾಡಿದ ಆಟ, ನೀವು ಸರಪಳಿಯಾಗಿ ಸಿಡಿಸಿದ್ದು ಎದುರಿನವರ ಆಕಾಶದಲ್ಲಿ ಬೀಳುತ್ತದೆ.

ಹೆವಿಮಷೀನ್‌ಗನ್:
ನಿಯೋ ಟರ್ಫ್ ಮಾಸ್ಟರ್ಸ್ ಕೂಡ ಹಾಕಿ. ಗಾಲ್ಫ್. ನಾಝ್ಕಾದವರದ್ದೇ, ಅದೇ 1996. ಮೆಟಲ್ ಸ್ಲಗ್‌ಗೆ ಸಂಗೀತ ಕೊಟ್ಟ ಹಿಯಾಮುತಾ ಅವರೇ ಇದಕ್ಕೂ ಕೊಟ್ಟಿದ್ದಾರೆ. ಗಾಲ್ಫ್ ಗೊತ್ತಿಲ್ಲದವರೂ ಎರಡು ಕುಳಿ ಆಡಿದರೆ ಸಾಕು, ಮುಗಿಸದೆ ಏಳುವುದಿಲ್ಲ.

ಬಾಗಿಲಬಳಿ ಅವರೇ, ನೀವು ಹೇಳಿದ ವಿಷಯವನ್ನು ನಾನು ಇವತ್ತಿನವರೆಗೆ ಯೋಚಿಸಿರಲಿಲ್ಲ. ನಮ್ಮ ಅಂಗಡಿಯಲ್ಲಿ ಒಬ್ಬ ಹುಡುಗಿಯನ್ನೂ ನೋಡಿದ ನೆನಪಿಲ್ಲ.

ಕಡಲಾಚೆ:
ನಾನು ಇರುವುದು ಕ್ಯಾಲಿಫೋರ್ನಿಯಾದಲ್ಲಿ, ಹುಟ್ಟೂರು ಶಿವಮೊಗ್ಗ. ಸಂಗ್ರಹ ಮಾಡುವವನ ಕಡೆಯಿಂದ ಎರಡು ಮಾತು.

ಮನೆ ಯಂತ್ರದ ಅಸಲಿ ಕ್ಯಾಸೆಟ್‌ಗಳ ಬೆಲೆ ಈಗ ಹುಚ್ಚು ಹಿಡಿಸುತ್ತದೆ. 1996ರ ಕಿಝುನಾ ಎನ್‌ಕೌಂಟರ್ ಯುರೋಪಿನ ಪ್ರತಿ ಎಷ್ಟು ಅಪರೂಪ ಅಂದರೆ ಸಂಗ್ರಹದವರು ದನಿ ತಗ್ಗಿಸಿ ಮಾತಾಡುತ್ತಾರೆ. ಆದರೆ ಅಂಗಡಿಯ ಎಂವಿಎಸ್ ಕ್ಯಾಸೆಟ್ ಅದಕ್ಕಿಂತ ಬಹಳ ಕಮ್ಮಿ. ಒಳಗಿನ ಆಟ ಒಂದೇ, ಪಿನ್ ಜೋಡಣೆ ಮಾತ್ರ ಬೇರೆ. ಅದಕ್ಕೇ ನಾನು ಒಂದು ಸ್ಲಾಟಿನ ಎಂವಿಎಸ್ ಬೋರ್ಡು ತಗೊಂಡು ಟಿವಿಗೆ ಜೋಡಿಸಿದ್ದೇನೆ.

ತಗೊಳ್ಳುವವರು ಎರಡು ವಿಷಯ ನೋಡಿ. ಮೊದಲನೆಯದು ಬ್ಯಾಟರಿ. ಹಳೇ ಬೋರ್ಡುಗಳ ಮೇಲೆ ಒಂದು ಬ್ಯಾಟರಿ ಇರುತ್ತದೆ, ಅದು ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಫೋಟೋದಲ್ಲಿ ಹಸಿರು ಕಲೆ ಕಂಡರೆ ಬಿಟ್ಟುಬಿಡಿ. ಎರಡನೆಯದು ನಕಲಿ. ನಾನು ಗಾರೋ ಅಸಲಿ ಎಂದು ನಂಬಿ ಆನ್‌ಲೈನಿನಲ್ಲಿ ಒಬ್ಬರಿಂದ ತಗೊಂಡೆ. ಆಡಿದಾಗ ಎಲ್ಲ ಸರಿ ಇತ್ತು, ಹಾಗಾಗಿ ಎರಡು ವರ್ಷ ಅನುಮಾನವೇ ಬರಲಿಲ್ಲ. ಒಂದು ದಿನ ಸ್ವಚ್ಛ ಮಾಡಲು ತೆಗೆದರೆ ಒಳಗಿನ ಎರಡೂ ಬೋರ್ಡುಗಳ ಮೇಲೆ ಎಸ್‌ಎನ್‌ಕೆ ಹೆಸರೇ ಇಲ್ಲ. ಅಷ್ಟು ಹೊತ್ತಿಗೆ ಮಾರಿದವರು ಉತ್ತರ ಕೊಡುವುದನ್ನು ನಿಲ್ಲಿಸಿದ್ದರು. ದುಡ್ಡಿಗಿಂತ, ಎರಡು ವರ್ಷ ಅದನ್ನು ಎಷ್ಟು ಜೋಪಾನ ಮಾಡಿದ್ದೆ ಅನ್ನುವುದು ಜಾಸ್ತಿ ನೋವಾಯಿತು. ತಗೊಳ್ಳುವ ಮೊದಲೇ ಒಳಗಿನ ಫೋಟೋ ಕೇಳಿ. ಕೊಡಲ್ಲ ಅಂದರೆ ಬೇಡ.

ಹೊಸಆಟಗಾರ:
ಇಷ್ಟೆಲ್ಲ ದುಡ್ಡು ಇಲ್ಲದವರು ಈಗ ಎಲ್ಲಿ ಆಡುವುದು?

ಕಡಲಾಚೆ:
ಹ್ಯಾಮ್‌ಸ್ಟರ್ ಕಂಪನಿ ಇವುಗಳಲ್ಲಿ ಬಹಳಷ್ಟನ್ನು ಒಂದೊಂದಾಗಿ ಈಗಿನ ಯಂತ್ರಗಳಿಗೆ ತಂದಿದೆ. ಸ್ವಿಚ್, ಪ್ಲೇಸ್ಟೇಷನ್, ಫೋನ್‌ಗಳಲ್ಲಿ ಸಿಗುತ್ತವೆ. ಎಸಿಎ ನಿಯೋ ಜಿಯೋ ಎಂದು ಹುಡುಕಿ. ಸ್ವಿಚ್‌ನಲ್ಲಿ ಒಂದು ಆಟಕ್ಕೆ ಸುಮಾರು 8 ಡಾಲರ್. 200 ಡಾಲರ್‌ನಿಂದ 8ಕ್ಕೆ ಬಂದಿದೆ ನೋಡಿ.

ಒಂದೇಏಟು:
ಗಾರೋ ಬಗ್ಗೆ ಯಾರೂ ಸರಿಯಾಗಿ ಬರೆಯಲಿಲ್ಲ, ಬರೆದುಬಿಡುತ್ತೇನೆ. 1999. ಎಲ್ಲರೂ ತ್ರೀಡಿ ಹಿಂದೆ ಹೋಗಿದ್ದ ಕಾಲ. ಎಸ್‌ಎನ್‌ಕೆ ಕೂಡ 1997ರಲ್ಲಿ ಹೈಪರ್ ನಿಯೋ ಜಿಯೋ 64 ಎಂದು ತ್ರೀಡಿ ಯಂತ್ರ ತಂದು ಸೋತಿತ್ತು. ಆಗ 1990ರ ಅದೇ ಹಳೇ ಯಂತ್ರದ ಮೇಲೆ ಈ ಆಟ ಬಂತು. ಫೇಟಲ್ ಫ್ಯೂರಿಯ ಹಳೇ ನಾಯಕ ಟೆರಿ ಬೊಗಾರ್ಡ್ ಬಿಟ್ಟರೆ ಎಲ್ಲರೂ ಹೊಸಬರು. ಟೆರಿಯ ವಯಸ್ಸೂ ಏರಿದೆ, ಕೆಂಪು ಟೋಪಿ ಇಲ್ಲ. ತನ್ನ ಸಾಕುತಂದೆಯನ್ನು ಕೊಂದ ಗೀಸ್ ಹೊವಾರ್ಡ್‌ನ ಮಗ ರಾಕ್‌ನನ್ನು ಟೆರಿಯೇ ಸಾಕಿ ಬೆಳೆಸಿದ್ದಾನೆ. ಫೈಟಿಂಗ್ ಆಟದ ಕಥೆಯಲ್ಲಿ ನನ್ನ ಮನಸ್ಸಿಗೆ ಇಷ್ಟು ಹತ್ತಿರ ಬಂದದ್ದು ಬೇರೆ ಇಲ್ಲ. ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ತಡೆದರೆ ಜೀವ ಸ್ವಲ್ಪ ವಾಪಸ್ ಬರುತ್ತದೆ, ಅದಕ್ಕೆ ಧೈರ್ಯ ಬೇಕು.

ಮುಂದಿನ ಭಾಗ ಬರಬೇಕಿತ್ತು. ಆದರೆ 2001ರಲ್ಲಿ ಕಂಪನಿಯೇ ದಿವಾಳಿಯಾಯಿತು. ಹೊಸ ಹೆಸರಿನಲ್ಲಿ ಮತ್ತೆ ಎದ್ದು 2004ರವರೆಗೂ ಈ ಯಂತ್ರಕ್ಕೆ ಆಟ ಕೊಟ್ಟರು, ಸಮುರಾಯ್ ಶೋಡೌನ್ 5 ಸ್ಪೆಷಲ್ ಕೊನೆಯದು. 14 ವರ್ಷ ಒಂದೇ ಯಂತ್ರ. ಗಾರೋದ ಮುಂದಿನ ಭಾಗ ಸಿಕ್ಕಿದ್ದು 2025ರಲ್ಲಿ, ಸಿಟಿ ಆಫ್ ದ ವುಲ್ವ್ಸ್ ಎಂದು. 26 ವರ್ಷ ಕಾದೆ. ಬಂದ ದಿನ ರಜೆ ಹಾಕಿದ್ದೆ.

ಕೆಂಪುಬಟನ್:
ಎಲ್ಲವನ್ನೂ ಓದಿದೆ, ಕೆಲವನ್ನು ಎರಡು ಸಲ. ನಿನ್ನೆ ಭಾನುವಾರ ಆಡಿಸಿದೆ, ಏನಾಯಿತು ಹೇಳುತ್ತೇನೆ.

ಫೇಟಲ್ ಫ್ಯೂರಿ ಸ್ಪೆಷಲ್ ಹುಡುಗನಿಗೆ ಹಿಡಿಸಲಿಲ್ಲ. ಎರಡು ಸಾಲಿನಲ್ಲಿ ಮುಂದೆ ಹಿಂದೆ ಹಾರುವುದು ಯಾಕೆ ಎಂದು ಕೇಳಿದ, ನನಗೂ ಸರಿಯಾಗಿ ಹೇಳಲು ಆಗಲಿಲ್ಲ. ಅದನ್ನು ಪಟ್ಟಿಯಿಂದ ತೆಗೆಯುತ್ತೇನೆ. 98 ಹಾಕಿದೆ, ಆಡಿದ, ಚೆನ್ನಾಗಿದೆ ಅಂದ. ಆಮೇಲೆ ಬೆಣ್ಣೆದೋಸೆಯವರ ಮಾತಿಗೆ 97 ಹಾಕಿದೆ. ಇಯೋರಿಯ ಹಾಡು ಶುರುವಾದಾಗ ತಲೆ ಎತ್ತಿ ನನ್ನ ಕಡೆ ನೋಡಿದ. ನಾನು ಸೋತೆ, 97 ಒಳಗೆ ಬಂತು. ಸಮುರಾಯ್ ಶೋಡೌನ್‌ನಲ್ಲಿ ಮೊದಮೊದಲು ಬಟನ್ ಕುಟ್ಟಿ ಕುಟ್ಟಿ ಸತ್ತ. ಆರನೆಯ ಪಂದ್ಯದಲ್ಲಿ ಕೈ ತಡೆದು ನಿಂತ. ಏನೂ ಹೇಳಿಕೊಟ್ಟಿರಲಿಲ್ಲ ನಾನು. ಮೆಟಲ್ ಸ್ಲಗ್ ಬಗ್ಗೆ ಹೇಳುವುದೇ ಬೇಡ, ಊಟಕ್ಕೆ ಏಳಿಸಲು ಆಗಲಿಲ್ಲ.

ಊಟಕ್ಕೆ ಕರೆಯಲು ಬಂದದ್ದು ಅಕ್ಕ. ಬಾಗಿಲ ಬಳಿ ನಿಂತು ಕರೆದಳು. ಆ ಹೊತ್ತಿಗೆ ಬಾಗಿಲಬಳಿ ಅವರು ಬರೆದದ್ದು ತಲೆಗೆ ಹೊಡೆದ ಹಾಗೆ ನೆನಪಾಯಿತು. ಚಿಕ್ಕವರಿದ್ದಾಗ ನನ್ನನ್ನು ಕರೆಯಲು ಅಂಗಡಿಗೆ ಬರುತ್ತಿದ್ದದ್ದೂ ಅವಳೇ. ಒಂದು ದಿನವೂ ನಾನು ಒಳಗೆ ಬಾ ಎಂದು ಕರೆದಿರಲಿಲ್ಲ. "ನೀನು ಒಂದು ಆಟ ಆಡೇ" ಅಂದೆ. "ನನಗೆ ಬರಲ್ಲ" ಅಂದಳು. ವಿಂಡ್‌ಜ್ಯಾಮರ್ಸ್ ಹಾಕಿ ಹತ್ತು ಸೆಕೆಂಡಿನಲ್ಲಿ ನಿಯಮ ಹೇಳಿದೆ.

ಮೊದಲ ಆಟ ಮಗನಿಗೆ ಸೋತಳು. ಎರಡನೆಯದರಲ್ಲಿ ಹಿಡಿದ ಕೂಡಲೇ ಎಸೆಯುವುದು ತಾನೇ ಕಂಡುಕೊಂಡಳು. ಮೂರನೆಯದು ಗೆದ್ದಳು. ಆಮೇಲೆ ಜಾಯ್‌ಸ್ಟಿಕ್ ನನ್ನ ಕಡೆ ತಳ್ಳಿ "ಈಗ ನೀನು ಬಾ" ಅಂದಳು. ಸಾರು ಎರಡು ಸಲ ಬಿಸಿ ಮಾಡಬೇಕಾಯಿತು.

ನನ್ನ ಐದು ಈಗ ಹೀಗಿದೆ. ಸಮುರಾಯ್ ಶೋಡೌನ್, ಕಿಂಗ್ ಆಫ್ ಫೈಟರ್ಸ್ 97, ಮೆಟಲ್ ಸ್ಲಗ್, ಗಾರೋ, ವಿಂಡ್‌ಜ್ಯಾಮರ್ಸ್.

ಬಾಗಿಲಬಳಿ:
ಮುಂದಿನ ಭಾನುವಾರ ಅವರಿಗೆ ಪಝಲ್ ಬಾಬಲ್ ಹಾಕಿಕೊಡಿ. ಎಷ್ಟನೇ ರೌಂಡಿಗೆ ಹೋದರು ಎಂದು ಇಲ್ಲಿ ಬರೆಯಿರಿ.